ಸಂಗನಬಸಪ್ಪನವರು ನಿಂತದ್ದು

ಎಲ್ಲಿಗೆ ಹೊರಟಿರಿ? ಒಂದು ಗಳಿಗೆ ನಿಲ್ಲಿ, ಇದೊಂದನ್ನು ಕೇಳಿಕೊಂಡು ಹೋಗಿ. ನಿಲ್ಲಿ ಅಂದರೆ ಇದ್ದ ಜಾಗದಲ್ಲೇ ನಿಲ್ಲಿ ಅಂತಷ್ಟೇ ಅರ್ಥ, ಬೇರೆ ಅರ್ಥ ಹಚ್ಚಬೇಡಿ. ಬೇರೆ ಅರ್ಥ ಹಚ್ಚಿಕೊಂಡಿದ್ದರಿಂದಲೇ ನಮ್ಮ ಸಂಗನಬಸಪ್ಪನವರಿಗೆ ಆ ಭಾನುವಾರ ಆಗಬಾರದ್ದೆಲ್ಲ ಆಯಿತು.

ಆಗ ಎರಡು ಸಾವಿರದ ಒಂದನೇ ಇಸವಿ. ಗಣೇಶ ಹಬ್ಬ ಮುಗಿದಿತ್ತು, ದಸರಾ ಇನ್ನೂ ಬಂದಿರಲಿಲ್ಲ. ಸಿ.ವಿ. ರಾಮನ್ ನಗರದ ಕಾಂಪೌಂಡ್ ಗೋಡೆಗಳ ಮೇಲೆ ಕಾರ್ಪೊರೇಷನ್ ಎಲೆಕ್ಷನ್ನಿನ ಕೈಮುಗಿದ ಮುಖಗಳು ಒಂದೊಂದಾಗಿ ಅಂಟತೊಡಗಿದ್ದವು. ಸಂಗನಬಸಪ್ಪನವರು ಗುಳೇದಗುಡ್ಡ ಬಿಟ್ಟು ಬಂದು, ಪಾರ್ಕಿನ ಎದುರಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ವರ್ಷ ತುಂಬುತ್ತ ಬಂದಿತ್ತು. ಎಂ.ಜಿ. ರೋಡಿನ ಒಂದು ವಿಮಾ ಕಚೇರಿಯಲ್ಲಿ ಹೆಡ್ ಕ್ಲರ್ಕು. ಬಂದ ಹೊಸತರಲ್ಲೇ ರೇಷನ್ ಕಾರ್ಡು, ಗ್ಯಾಸು, ವೋಟರ್ ಲಿಸ್ಟು ಎಲ್ಲದರಲ್ಲೂ ಗಂಡ ಹೆಂಡತಿ ಇಬ್ಬರ ಹೆಸರೂ ಬರೆಸಿ ಗೂಟ ಹೊಡೆದು ಕೂತಿದ್ದರು. ಬೆಂಗಳೂರು ಮಾತ್ರ ಅವರ ಕಡೆ ತಿರುಗಿಯೂ ನೋಡಿರಲಿಲ್ಲ.

ತಾಪತ್ರಯ ಶುರುವಾದದ್ದು ಒಂದೇ ಒಂದು ಪ್ರಶ್ನೆಯಿಂದ. "ಚಾ ಆತೇನ್ರಿ?"

ಅವರ ಊರಿನಲ್ಲಿ ಈ ಪ್ರಶ್ನೆಗೆ ಸಿಕ್ಕಿಬಿದ್ದವನು ತಪ್ಪಿಸಿಕೊಂಡ ಉದಾಹರಣೆ ಇಲ್ಲ. ಆತು ಅಂದರೆ "ಇನ್ನೊಂದು ಅರ್ಧ ಕಪ್ ಆಗ್ಲಿ ಬರ್ರಿ" ಅಂತ ಎಳೆದೊಯ್ಯುತ್ತಾರೆ. ಇಲ್ಲ ಅಂದರೆ "ಅಯ್ಯ, ಇಷ್ಟೊತ್ತನಕ ಚಾ ಇಲ್ದ ಹೆಂಗ ಅದೀರಿ" ಅಂತ ಇನ್ನೂ ಜೋರಾಗಿ ಎಳೆದೊಯ್ಯುತ್ತಾರೆ. ಸಂಗನಬಸಪ್ಪನವರು ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಹಾಕುತ್ತಿದ್ದರು. ಅವರು "ಹ್ಞಾ, ಆಯ್ತು ಆಯ್ತು" ಅಂದು, ಚಂದಾ ಕೇಳುವವನನ್ನು ಕಂಡ ಹಾಗೆ ಹೆಜ್ಜೆ ಜೋರು ಮಾಡುತ್ತಿದ್ದರು. ಇವರಿಂದಾಗಿ ಆ ಪಾರ್ಕಿನಲ್ಲಿ ಎಷ್ಟೋ ಜನರ ತೂಕ ಇಳಿದಿರಬಹುದು, ಪರಿಚಯ ಮಾತ್ರ ಒಂದೂ ಆಗಲಿಲ್ಲ.

ಅವರ ಹೆಂಡತಿ ವಿಮಲಾಕ್ಷಿಯ ಪಾಡು ಇನ್ನೂ ಕಷ್ಟ. ಊರಲ್ಲಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮಾತಾಡಿಕೊಂಡೇ ನಡೆದವಳು ಇಲ್ಲಿ ಫ್ರಿಜ್ಜಿನ ಜೊತೆ ಮಾತಾಡತೊಡಗಿದ್ದಳು. ಶನಿವಾರ ಸಂಜೆ ಗಂಡ ಚಪ್ಪಲಿ ಕಳಚುವುದಕ್ಕೂ ಬಿಡದೆ ಶುರು ಮಾಡಿದಳು.

"ನಿಮ್ಮ ಸಾಹೇಬ್ರು ಬಾಗಲಕೋಟಿಗೆ ಟ್ರಾನ್ಸ್‌ಫರ್ ಬೇಕೇನ್ ಅಂತ ಕೇಳ್ಯಾರಂತಲ್ಲ. ಸೋಮವಾರ ಹೂಂ ಅಂದು ಬರ್ರಿ."

"ಹೂಂ ಅನ್ನಾಂವಲ್ಲ ನಾ. ನಿನ್ನ ತಮ್ಮ ಬಸವಪ್ರಭು ಇಡೀ ಊರ ಮುಂದ ಏನಂದಿದ್ದ? ಮಾವ ವರ್ಷ ತುಂಬೂದ್ರೊಳಗ ಗಂಟು ಕಟಗೊಂಡು ವಾಪಸ್ ಬರ್ತಾನ ಅಂದಿದ್ದ. ಅವನ ಮುಂದ ತಲಿ ತಗ್ಗಸಲೇನು?"

"ನಿಮ್ಮ ತಲಿ ಎತ್ತಿದಲ್ಲೇ ಇರಲಿ. ನನ್ನ ಹೆಸರು ಏನು ಅಂತ ಈ ಬೀದ್ಯಾಗ ಒಬ್ಬರಿಗರ ಗೊತ್ತೈತೇನು? ಹುಬ್ಬಳ್ಳಿ ಆಂಟಿ ಅಂತಾರ. ನಾ ಹುಬ್ಬಳ್ಳಿ ನೋಡಿದ್ದು ರೈಲಿನ ಕಿಡಕ್ಯಾಗಿಂದ." ಅವಳು ಅಟ್ಟದ ಕಡೆ ಕೈ ತೋರಿಸಿದಳು. ಮದುವೆಯಲ್ಲಿ ತವರಿನವರು ಕೊಟ್ಟ ನವಲಗುಂದದ ದೊಡ್ಡ ಜಮಖಾನೆ ಸುತ್ತಿದ್ದು ಸುತ್ತಿದ ಹಾಗೇ ಅಲ್ಲಿ ಮಲಗಿತ್ತು. "ನಾಳಿ ಸಂಜೀತನಕ ಟೈಮ್ ಕೊಡ್ತೇನಿ. ಈ ಬೀದಿಯವರು ಒಬ್ಬರರ ಬಂದು ಆ ಜಮಖಾನಿ ಮ್ಯಾಲ ಕುಂತು, ನನ್ನ ಹೆಸರ ಹಿಡದು ಮಾತಾಡಸ್ಲಿ. ಇರೂಣು. ಇಲ್ಲಂದ್ರ ಬಾಗಲಕೋಟಿ."

ಸಂಗನಬಸಪ್ಪನವರು ಚಪ್ಪಲಿ ಮತ್ತೆ ಮೆಟ್ಟಿಕೊಂಡರು. "ಆತು. ಅವರು ಚಾಕ್ಕ ಬರೂದಿಲ್ಲಂದ್ರ ಚಾನ ಅವರ ಕಡೆ ಹೊಕ್ಕೈತಿ. ನಾಳಿ ಪಾರ್ಕಿನ್ಯಾಗ ಎಲ್ಲಾರಿಗೂ ಪುಕ್ಕಟೆ ಚಾ. ಯಾರ್ ತಡೀತಾರ ನೋಡ್ತೇನಿ."

"ಮಂದಿ ನಗ್ತಾರ."

"ನಗ್ಲಿ. ನಗೂದಕ್ಕರ ಇತ್ತಾಗ ಮಾರಿ ಮಾಡ್ತಾರಲ್ಲ."

ಅವರಿಗೆ ಬೆಂಗಳೂರಿನಲ್ಲಿ ಮಾತಾಡುವ ಒಬ್ಬನೇ ಒಬ್ಬ ಮನುಷ್ಯ ಅಂದರೆ ಆಟೋ ಅಮೀರ್. ಶಿವಾಜಿನಗರದವನು, ಮಳೆ ಬಂದ ದಿನ ಇವರನ್ನು ಆಫೀಸಿಗೆ ಬಿಡುತ್ತಿದ್ದ. ಭಾನುವಾರ ಬೆಳಕು ಹರಿಯುತ್ತಲೇ ಅಮೀರ್ ರಸೆಲ್ ಮಾರ್ಕೆಟ್ಟಿನ ಹಿಂದಿನ ಪಾತ್ರೆ ಬಾಡಿಗೆ ಅಂಗಡಿಯಿಂದ, ಕೆಳಗೆ ನಲ್ಲಿ ಇದ್ದ ದೊಡ್ಡ ಸ್ಟೀಲ್ ಡ್ರಮ್ಮು, ಒಂದು ಬುಟ್ಟಿ ಲೋಟ ತಂದು ಇಳಿಸಿದ. ಆಟೋದ ತಲೆಯ ಮೇಲೆ ಒಂದು ಮೈಕಿನ ಹಾರನ್ನೂ ಇತ್ತು. ಯಾವುದೋ ಸೀರೆ ಎಕ್ಸಿಬಿಷನ್ನಿನ ಪ್ರಚಾರಕ್ಕೆ ಕಟ್ಟಿದ್ದು, ಇನ್ನೂ ಬಿಚ್ಚಿರಲಿಲ್ಲ.

"ನಾ ಕೈ ಹಚ್ಚೂದಿಲ್ಲ" ಅಂದಿದ್ದ ವಿಮಲಾಕ್ಷಿ, ಗಂಡ ಚಹಾಪುಡಿ ಹಾಕುವ ರೀತಿ ನೋಡಲಾರದೆ ಅವರನ್ನು ಒಲೆಯ ಮುಂದಿನಿಂದ ನೂಕಿದಳು. ಶುಂಠಿ ಜಜ್ಜಿದಳು, ಏಲಕ್ಕಿ ಒಡೆದಳು. ಡ್ರಮ್ಮು ತುಂಬಿಸಿ ಕಳಿಸಿ, "ನಾ ಏನ್ ಬರೂದಿಲ್ಲ" ಅಂತ ಬಾಗಿಲು ಹಾಕಿಕೊಂಡಳು.

ಪಾರ್ಕಿನ ಗೇಟಿನ ಒಳಗೆ, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಡ್ರಮ್ಮು ಕೂತಿತು. ಸಂಗನಬಸಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮನೆಯಿಂದ ತಂದ ಒಂದು ಚಹಾದ ಕಪ್ಪು, ಅದರ ಕೆಳಗಿನ ಬಸಿ ಕೈಯಲ್ಲಿ ಹಿಡಿದು, ಮದುವೆ ಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ತಂದೆಯ ಹಾಗೆ ನಿಂತರು.

"ಬರ್ರಿ, ಚಾ ಕುಡಿಬರ್ರಿ. ರೊಕ್ಕ ಇಲ್ಲ, ಪುಕ್ಕಟೆ."

ಪುಕ್ಕಟೆ ಅಂದದ್ದೇ ತಪ್ಪಾಯಿತು. ಜನ ಡ್ರಮ್ಮಿಗೆ ಬಾಂಬು ಕಟ್ಟಿದ ಹಾಗೆ ದೂರದಿಂದಲೇ ಸುತ್ತು ಹೊಡೆದರು. ಒಬ್ಬ ಕೇಳಿದ, ಯಾವ ಟೀ ಪೌಡರ್ ಕಂಪನಿ. ಇನ್ನೊಬ್ಬ ಕೇಳಿದ, ಕುಡಿದ ಮೇಲೆ ಏನಾದರೂ ಸ್ಕೀಮಿಗೆ ಸೇರಬೇಕಾ. ಹತ್ತಿರ ಬರುವ ಧೈರ್ಯ ಮಾಡಿದವಳು ವೆಂಕಟಮ್ಮ. ಅಲ್ಲಿ ಲೇಔಟು ಆಗುವುದಕ್ಕೆ ಮೊದಲು ಇದ್ದ ಹಳೇ ಊರಿನ ಮನೆಯಾಕೆ, ಬರಿಗಾಲಲ್ಲಿ ವಾಕಿಂಗ್ ಮಾಡುತ್ತ ಇಡೀ ಬಡಾವಣೆಯ ಸುದ್ದಿಯನ್ನು ಸೆರಗಲ್ಲಿ ಕಟ್ಟಿಕೊಂಡು ಹೋಗುವವಳು. ಆಕೆ ಡ್ರಮ್ಮಿನ ಮುಂದೆ ನಿಂತು, ಮುಖ ಸಣ್ಣ ಮಾಡಿಕೊಂಡು, ದನಿ ತಗ್ಗಿಸಿದಳು.

"ಯಾರ್ ಹೋದ್ರಪ್ಪ?"

"ಎಲ್ಲಿಗ್ರಿ?"

"ಅದೇ, ಯಾರ್ ತೀರ್ಕಂಡ್ರು ಅಂತ. ಪುಣ್ಯತಿಥಿ ಅಲ್ವಾ ಇದು?"

"ಯಾರೂ ಹೋಗಿಲ್ರಿ ಅಮ್ಮಾರ. ಎಲ್ಲಾರೂ ಗಟ್ಟಿಮುಟ್ಟಾಗಿ ಅದಾರ. ಸುಮ್ನ ಚಾ."

"ಸುಮ್ನೆ ಯಾರಾದ್ರೂ ಕೊಡ್ತಾರಾ?" ಅಂದ ವೆಂಕಟಮ್ಮ ಒಂದು ಲೋಟ ಹಿಡಿದು, ಮೂಸಿ, ಒಂದು ಗುಟುಕು ಕುಡಿದಳು. ಆಮೇಲೆ ಮಾತಾಡದೆ ಲೋಟ ಖಾಲಿ ಮಾಡಿ, ಇನ್ನೊಂದು ಸಲ ನಲ್ಲಿಯ ಕೆಳಗೆ ಹಿಡಿದಳು. "ಸಾವೂ ಇಲ್ದೆ ಇಂಥ ಟೀ ಮಾಡವ್ರೆ ಅಂದ್ರೆ ಏನೋ ಐತೆ" ಅಂತ ಗೊಣಗಿಕೊಂಡು ಹೋದಳು.

ಅಷ್ಟರಲ್ಲಿ ಪಾರ್ಕ್ ಸಮಿತಿಯ ಸೆಕ್ರೆಟರಿ ಮಧುಕರ್ ಬಂದ. ಟ್ರ್ಯಾಕ್ ಸೂಟು, ಕುತ್ತಿಗೆಗೆ ವಿಷಲ್ಲು. ಮಕ್ಕಳು ಹುಲ್ಲಿನ ಮೇಲೆ ಓಡಿದರೆ ಊದುವುದಕ್ಕೆ ಇಟ್ಟುಕೊಂಡದ್ದು. ಅವನು ಬೋರ್ಡಿನ ಕಡೆ ಬೆರಳು ಮಾಡಿದ.

"ಸಾರ್, ಓದಿ. ಪಾರ್ಕಲ್ಲಿ ವ್ಯಾಪಾರ ನಿಷೇಧ."

"ವ್ಯಾಪಾರ ಅಂದ್ರ ರೊಕ್ಕ ತಗೊಳ್ಳೂದು. ನಾ ಎಲ್ಲಿ ತಗೊಂಡೇನಿ?"

"ಫ್ರೀ ಕೊಡೋದು ಇನ್ನೂ ಡೇಂಜರ್ ಸಾರ್. ಇವತ್ತು ನೀವು ಟೀ ಕೊಡ್ತೀರಾ, ನಾಳೆ ಇನ್ನೊಬ್ರು ಬಿರಿಯಾನಿ ಕೊಡ್ತಾರೆ. ಡಿಸಿಪ್ಲಿನ್ ಹಾಳಾಗುತ್ತೆ. ನೀವಿಲ್ಲಿ ನಿಲ್ಲಂಗಿಲ್ಲ."

ಸಂಗನಬಸಪ್ಪನವರ ಕಿವಿ ಕೆಂಪಾಯಿತು. ಭಾವಮೈದುನನ ಮುಖ, ಅಟ್ಟದ ಮೇಲಿನ ಜಮಖಾನೆ, ಹೆಂಡತಿಯ ಫ್ರಿಜ್ಜು ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ದನಿ ತಾನಾಗಿ ಏರಿತು.

"ನಿಲ್ತೇನಿ. ಯಾರ್ ಬ್ಯಾಡಂದ್ರೂ ನಿಲ್ತೇನಿ. ಯಾರ ಅಪ್ಪಣಿ ಬೇಕ್ರಿ ನನಗ? ಬರದು ಇಟಗೋರಿ, ನಿಂತಾಂವ ಹಿಂದ ಸರಿಯಾಂವಲ್ಲ ಈ ಸಂಗನಬಸಪ್ಪ."

ಇಡೀ ಪಾರ್ಕಿನ ವಾಕಿಂಗು ನಿಂತಿತು. ನಗೆ ಕೂಟದವರು ಅರ್ಧಕ್ಕೇ ನಗೆ ನುಂಗಿದರು. ಮಧುಕರ್ ಕಣ್ಣು ಕಿರಿದು ಮಾಡಿ, ಬಿಳಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. ಗೋಡೆಯ ಪೋಸ್ಟರಿನ ಕಡೆಗೊಮ್ಮೆ ನೋಡಿದ. ಅವನ ದನಿ ದಿಢೀರನೆ ಬೆಣ್ಣೆಯಾಯಿತು.

"ಓಹ್. ನೀವು ನಿಲ್ತಿದೀರಾ? ಮೊದ್ಲೇ ಹೇಳ್ಬಾರ್ದಾ ಸಾರ್."

"ಬೆಳಿಗ್ಗಿಂದ ನಿಂತೇನಲ್ರಿ, ಕಾಣ್ಸೂದಿಲ್ಲೇನು?"

"ಇಂಡಿಪೆಂಡೆಂಟಾ?"

"ಮತ್ತ? ನನಗ್ಯಾರ ಆಸರಾ ಐತಿ ಈ ಊರಾಗ? ನಾ ಒಬ್ಬಾಂವನ."

ಮಧುಕರ್ ಲೋಟ ತೆಗೆದುಕೊಂಡ. ಬೀದಿಯ ಕೊನೆಯ ಮೋರಿ ಮುಚ್ಚಿಸುವ ವಿಷಯ, ಪಾರ್ಕಿಗೆ ಇನ್ನೆರಡು ಲೈಟು ಹಾಕಿಸುವ ವಿಷಯ ಹೇಳಿದ. ಸಂಗನಬಸಪ್ಪನವರು "ಹೌದು, ಆಗಬೇಕು, ಆಗಬೇಕು" ಅಂದರು. ಕೊನೆಗೂ ಒಬ್ಬ ಮನುಷ್ಯ ಮನಸ್ಸು ಬಿಚ್ಚಿ ಮಾತಾಡಿದನಲ್ಲ ಅಂತ ಅವರ ಕಣ್ಣು ತುಂಬಿ ಬಂತು.

ಇದನ್ನೆಲ್ಲ ದೂರದಿಂದ ನೋಡುತ್ತಿದ್ದ ಅಮೀರನಿಗೆ ರಕ್ತ ಕುದಿಯಿತು. ತನ್ನ ಸಾಹೇಬರು ಒಬ್ಬೊಬ್ಬರಿಗೆ ಕೈ ಜೋಡಿಸಿ ಕರೆಯುವುದೆಂದರೇನು? ತಲೆಯ ಮೇಲೆ ಮೈಕು ಇದೆ. ಆಟೋ ಸ್ಟಾರ್ಟ್ ಮಾಡಿ ಬೀದಿ ಬೀದಿಗೆ ಹೊರಟ. ಸೀರೆ ಎಕ್ಸಿಬಿಷನ್ನಿನಲ್ಲಿ ಕೂಗಿ ಕೂಗಿ ರೂಢಿಯಾಗಿದ್ದ ಅದೇ ರಾಗದಲ್ಲಿ ಕೂಗಿದ.

"ಬನ್ನಿ, ಬನ್ನಿ, ಬನ್ನಿ. ಸಂಗನಬಸಪ್ಪ ಸಾಬ್ ನಿಮ್ಗೋಸ್ಕರ ನಿಂತವ್ರೆ. ಬಿಸಿಲಲ್ಲಿ ನಿಂತವ್ರೆ. ಒಬ್ರೇ ನಿಂತವ್ರೆ. ಅಮ್ಮಂದಿರು, ಅಕ್ಕತಂಗೀರು, ತಪ್ದೆ ಬನ್ನಿ. ಇವತ್ತೇ ಕೊನೇ ದಿನ."

ಕೊನೇ ದಿನ ಅಂದದ್ದು ಬರೀ ಬಾಯಿಪಾಠ. ಆದರೆ ಆ ಮಾತಿಗೆ ಇರುವ ಶಕ್ತಿ ಬೆಂಗಳೂರಿನಲ್ಲಿ ಬೇರೆ ಯಾವ ಮಾತಿಗೂ ಇಲ್ಲ. ನೈಟಿ ಮೇಲೆ ಟವೆಲ್ ಹೊದ್ದವರು, ಮುಖಕ್ಕೆ ಸೋಪು ಹಚ್ಚಿಕೊಂಡವರು, ಹಾಲಿನ ಪ್ಯಾಕೆಟ್ಟು ಕೈಯಲ್ಲಿದ್ದವರು, ಎಲ್ಲ ಪಾರ್ಕಿಗೆ ನುಗ್ಗಿದರು. ಒಬ್ಬರು "ಶುಗರ್ ಇಲ್ದೆ ಒಂದು" ಅಂದರು. ಇನ್ನೊಬ್ಬರು "ಬೈ ಟೂ ಮಾಡಿ" ಅಂದರು. ತಮಿಳಿನಲ್ಲಿ ಒಬ್ಬರು, ಇಂಗ್ಲಿಷಿನಲ್ಲಿ ಮೂವರು ಮಾತಾಡಿಕೊಂಡು ಬಂದು, ಕನ್ನಡದಲ್ಲಿ ಒಟ್ಟಿಗೆ ಕೇಳಿದರು, "ಕಾಫಿ ಇಲ್ವಾ?"

ಕಾಫಿ ಅನ್ನುವ ಮಾತು ಸಂಗನಬಸಪ್ಪನವರಿಗೆ ಈಟಿಯ ಹಾಗೆ ಚುಚ್ಚುತ್ತಿತ್ತು. ಆದರೂ ನಕ್ಕರು. ನಲ್ಲಿ ತಿರುಗಿಸಿ ತಿರುಗಿಸಿ ಬೆರಳು ಸುಟ್ಟುಕೊಂಡರು. ಇಷ್ಟು ದಿನ ತಮ್ಮನ್ನು ಕರೆಂಟ್ ಕಂಬದ ಹಾಗೆ ಬಳಸಿ ಹೋಗುತ್ತಿದ್ದ ಜನ ಈಗ ಕೈ ಕುಲುಕುತ್ತಿದ್ದರು. "ನಿಮ್ಮಂಥೋರು ನಿಲ್ಬೇಕು ಸಾರ್" ಅನ್ನುತ್ತಿದ್ದರು. ಒಬ್ಬ ರಿಟೈರ್ಡ್ ಮೇಷ್ಟ್ರು "ವಿದ್ಯಾವಂತರು ಯಾರೂ ನಿಲ್ಲಲ್ಲ ಅನ್ನೋದೇ ನನ್ ಕೊರಗು" ಅಂದಾಗ, ಒಂದು ಡ್ರಮ್ಮು ಚಹಾಕ್ಕೆ ಇಷ್ಟೊಂದು ವಿದ್ಯೆ ಯಾಕೆ ಬೇಕೋ ಅಂತ ಸಂಗನಬಸಪ್ಪನವರಿಗೆ ಒಂದು ಕ್ಷಣ ಅನ್ನಿಸಿತು. ಯೋಚಿಸಲು ಪುರುಸೊತ್ತಿರಲಿಲ್ಲ. ಸಾಲು ಗೇಟಿನಾಚೆ ಹೋಗಿತ್ತು.

ಬಿಸಿಲೇರುವ ಹೊತ್ತಿಗೆ ಗೇಟಿನ ಮುಂದೆ ಬಿಳಿ ಸುಮೋ ನಿಂತಿತು. ಮುನಿಕೃಷ್ಣಪ್ಪ ಇಳಿದ. ಗೋಡೆಯ ಪೋಸ್ಟರುಗಳಲ್ಲಿ ಅತಿ ದೊಡ್ಡ ಕೈಮುಗಿದ ಮುಖ ಇವನದೇ. ಜೇಬಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಮೊಬೈಲು, ಹಿಂದೆ ನಾಲ್ಕೈದು ಹುಡುಗರು. ಸಾಲು ಎರಡಾಗಿ ದಾರಿ ಬಿಟ್ಟಿತು.

"ನೀವೇನಾ ಸಂಗನಬಸಪ್ಪ?"

"ಹೌದ್ರಿ. ಬರ್ರಿ, ಚಾ ತಗೋರಿ."

"ಟೀ ಆಮೇಲ್ ಕುಡಿಯೋಣ. ನೀವ್ ನಿಂತಿದೀರಾ ಅಂತ ಮೈಕಲ್ಲಿ ಕೂಗ್ತಾವ್ರೆ. ಈ ಏರಿಯಾದಲ್ಲಿ ನಾನ್ ನಿಲ್ತಾ ಇರೋದು, ಗೊತ್ತಿಲ್ವಾ?"

"ನೀವೂ ನಿಲ್ತೀರೇನು?" ಸಂಗನಬಸಪ್ಪನವರ ಮುಖ ಅರಳಿತು. ಪಕ್ಕಕ್ಕೆ ಸರಿದು ಬೆಂಚಿನ ಹತ್ತಿರ ಜಾಗ ಮಾಡಿದರು. "ನಿಲ್ರಿ, ನಿಲ್ರಿ. ಇಬ್ಬರೂ ನಿಲ್ಲೂಣಂತ. ನೀವು ಲೋಟ ಹಿಡೀರಿ, ನಾ ನಲ್ಲಿ ಹಿಡೀತೇನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುನಿಕೃಷ್ಣಪ್ಪನ ಮೀಸೆ ಕುಣಿಯಿತು. ಇಷ್ಟು ವರ್ಷದಲ್ಲಿ ತನ್ನ ಕೈಗೆ ಯಾರೂ ಲೋಟ ಹಿಡಿಯುವ ಕೆಲಸ ಕೊಟ್ಟಿರಲಿಲ್ಲ.

"ತಮಾಷೆ ಬೇಡ. ಯಾವ್ ಪಾರ್ಟಿ ನಿಮ್ದು?"

"ಇದಕ್ಕ ಪಾರ್ಟಿ ಅಂತೀರಾ? ಅನ್ರಿ. ಟೀ ಪಾರ್ಟಿ."

"ಗುರುತು ಏನು?"

ಗುರುತು ಅಂದೊಡನೆ ಸಂಗನಬಸಪ್ಪನವರು ನಲ್ಲಿ ಬಿಟ್ಟು ನೆಟ್ಟಗೆ ನಿಂತರು. ವರ್ಷದ ನೋವು ಅದೊಂದು ಮಾತಿನಲ್ಲಿತ್ತು. "ನನ್ನ ಗುರುತು ಯಾರಿಗೈತ್ರಿ ಇಲ್ಲೆ? ಒಬ್ಬರಿಗೂ ಇಲ್ಲ. ಅದಕ್ಕ ಇದನ್ನ ಹಿಡಕೊಂಡು ನಿಂತೇನಿ." ಅವರು ಕೈಯಲ್ಲಿದ್ದ ಕಪ್ಪು ಬಸಿಯನ್ನು ತಲೆಯ ಮೇಲಕ್ಕೆ ಎತ್ತಿದರು. "ಇನ್ನ ಮ್ಯಾಲ ಇದ ನನ್ನ ಗುರುತು."

ಜನ ಚಪ್ಪಾಳೆ ತಟ್ಟಿದರು. "ಕಪ್ಪು ಬಸಿ, ಕಪ್ಪು ಬಸಿ" ಅಂತ ಹಿಂದಿನ ಸಾಲಿನವರು ಮುಂದಿನ ಸಾಲಿನವರಿಗೆ ಹೇಳಿದರು. ಮುನಿಕೃಷ್ಣಪ್ಪ ಮೊಬೈಲು ಹೊರಗೆಳೆದ.

ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸ್ ಪೇದೆ ಸೈಕಲ್ಲಿನಲ್ಲಿ ಬಂದ. ಮೊದಲು ಅಮೀರನ ಮೈಕು ಬಿಚ್ಚಿಸಿದ. ಆಮೇಲೆ ಡ್ರಮ್ಮಿನ ಸುತ್ತ ಒಂದು ಸುತ್ತು ಹಾಕಿ, ಒಂದು ಲೋಟ ಕುಡಿದು, ಮೀಸೆ ಒರೆಸಿಕೊಂಡ.

"ಚೆನ್ನಾಗಿದೆ. ಕಂಪ್ಲೇಂಟ್ ಬಂದೈತೆ, ನಿಲ್ಸಿ."

"ಯಾಕ ನಿಲ್ಲಸ್ಲಿ? ಚಾ ಕುಡಸೂದು ಯಾವ ಕಾನೂನಿನ್ಯಾಗ ಅಪರಾಧ ಐತಿ ತೋರಸ್ರಿ. ಒಯ್ಯೂದಿದ್ರ ಡ್ರಮ್ಮಿನ ಸಮೇತ ಒಯ್ರಿ ನನ್ನ. ಸ್ಟೇಷನ್ನಿನ್ಯಾಗ ನಿಮ್ಮ ಸಾಹೇಬ್ರಿಗೂ ಕುಡಸ್ತೇನಿ."

ಸಾಲಿನಿಂದ "ಕರೆಕ್ಟ್, ಕರೆಕ್ಟ್" ಅಂತ ದನಿ ಎದ್ದಿತು. ಪೇದೆ ತಲೆ ಕೆರೆದುಕೊಂಡು ಇನ್ನೊಂದು ಲೋಟ ಹಿಡಿದ. "ಸರಿ ಯಜಮಾನ್ರೇ. ನಾಮಿನೇಷನ್ ಆಗೋವರ್ಗೂ ಏನಾರಾ ಮಾಡ್ಕಳಿ, ನಾನ್ ಬರಲ್ಲ. ಆದ್ಮೇಲೆ ಒಂದೇ ಒಂದ್ ಲೋಟ ಕೊಟ್ರೂ ಎತ್ತಾಕ್ಕೊಂಡ್ ಹೋಗ್ತೀವಿ. ಮನೇಲಿ ಕೊಟ್ರೂ ಅಷ್ಟೇ."

ನಾಮಿನೇಷನ್ನು ಅಂದರೆ ಯಾರದೋ ಎಲೆಕ್ಷನ್ನು, ಯಾರದೋ ಕಾಟ. ಸಂಗನಬಸಪ್ಪನವರು ಅದನ್ನು ಕಿವಿಯ ಮೇಲೂ ಹಾಕಿಕೊಳ್ಳಲಿಲ್ಲ. ಪೊಲೀಸರನ್ನೂ ಗೆದ್ದಾಗಿತ್ತು. ಡ್ರಮ್ಮು ಬೋರಲು ಹಾಕಿ ಕೊನೆಯ ಹನಿ ಹಂಚಿ, ಬೆಂಚಿನ ಮೇಲೆ ಹತ್ತಿ ಕೂಗಿದರು. "ಸಂಜಿಗೆ ಎಲ್ಲಾರೂ ನಮ್ಮ ಮನಿಗೆ ಬರಬೇಕು. ಅಲ್ಲೇ ಕುಂತು ಮಾತಾಡೂಣು."

ಮನೆಗೆ ಬಂದವರೇ ಅಟ್ಟದ ಮೇಲಿನ ಜಮಖಾನೆ ಎಳೆದು ಕೆಡವಿದರು. ವರ್ಷದ ದೂಳು ಎದ್ದು ಇಬ್ಬರೂ ಸೀನಿದರು.

"ಯಾರೂ ಬರೂದಿಲ್ಲ" ಅಂದಳು ವಿಮಲಾಕ್ಷಿ. ಅಂದವಳೇ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟುಕೊಂಡಳು. ಚುರುಮುರಿಗೆ ಒಗ್ಗರಣೆ ಹಾಕಿದಳು.

ಬಂದರು. ಜಮಖಾನೆ ಮುಚ್ಚಿಹೋಗುವಷ್ಟು ಬಂದರು. ಮಧುಕರ್ ಹೆಂಡತಿಯನ್ನೂ ಕರೆತಂದಿದ್ದ. ಮೇಷ್ಟ್ರು ಬಂದರು. ಕಿಟಕಿಯಾಚೆ ನಿಂತವರೂ ಇದ್ದರು. ವೆಂಕಟಮ್ಮ ನೇರ ಅಡುಗೆಮನೆಯ ಬಾಗಿಲಿಗೇ ಹೋಗಿ, ಅಲ್ಲಿ ನಿಂತಿದ್ದವಳ ಗಲ್ಲ ಹಿಡಿದು ದೀಪದ ಬೆಳಕಿಗೆ ತಿರುಗಿಸಿದಳು.

"ನಿನ್ ಹೆಸ್ರೇನವ್ವ?"

"ವಿಮಲಾಕ್ಷಿ ಅಂತ್ರಿ."

"ವಿಮಲಾಕ್ಷಿ. ಎಷ್ಟ್ ಲಕ್ಷಣವಾಗೈತೆ. ಬೆಳಗಿನ್ ಟೀ ನಿನ್ ಕೈಯಿಂದೇ ಅಲ್ವಾ? ಗಂಡುಸ್ರ ಕೈಲಿ ಆಗೋ ಟೀ ಅಲ್ಲ ಅದು. ಬಾ ವಿಮಲಾಕ್ಷಿ, ಪಕ್ಕದಲ್ಲಿ ಕೂತ್ಕೋ."

ಸಂಗನಬಸಪ್ಪನವರು ದೂರದಿಂದಲೇ ಹೆಂಡತಿಯ ಮುಖ ನೋಡಿದರು. ಅವಳ ಕಣ್ಣಲ್ಲಿ ಊರಿನ ಓಣಿ ಹೊಳೆಯುತ್ತಿತ್ತು. ಗೆದ್ದೆ ಅಂದುಕೊಂಡರು. ಬಾಗಲಕೋಟೆ ಕ್ಯಾನ್ಸಲ್, ಬಸವಪ್ರಭು ಚಿತ್. ಒಳಗೆ ಹೋಗಿ ಚಹಾ ಸೋಸಿ, ತಟ್ಟೆಯ ತುಂಬ ಕಪ್ಪುಗಳನ್ನು ಜೋಡಿಸತೊಡಗಿದರು.

ಆಗ ಮುನಿಕೃಷ್ಣಪ್ಪ ಬಂದ. ಈ ಸಲ ಹುಡುಗರಿಲ್ಲ, ಮೀಸೆಯೂ ಕುಣಿಯುತ್ತಿರಲಿಲ್ಲ. ಜಮಖಾನೆಯ ಅಂಚಿನಲ್ಲಿ ಕೂತು ಕೈ ಜೋಡಿಸಿದ.

"ಸಾರ್, ನೇರ ಮಾತಾಡ್ಬಿಡ್ತೀನಿ. ನೀವು ಹಿಂದೆ ಸರೀರಿ. ಇವತ್ತ್ ಒಂದೇ ದಿನದಲ್ಲಿ ನನ್ ಅರ್ಧ ವೋಟು ನಿಮ್ ಡ್ರಮ್ಮಲ್ಲಿ ಮುಳುಗ್ಹೋಯ್ತು."

"ವೋಟಾ?" ಸಂಗನಬಸಪ್ಪನವರು ತಟ್ಟೆ ಹಿಡಿದು ಒಳಗಿನಿಂದ ಬಂದರು.

"ಮತ್ತೆ? ಕಾರ್ಪೊರೇಷನ್‌ಗೆ ನಿಲ್ತೀನಿ, ಹಿಂದೆ ಸರಿಯಲ್ಲ ಅಂತ ಇಡೀ ಪಾರ್ಕ್ ಮುಂದೆ ಹೇಳಿದೀರಾ."

ಸಂಗನಬಸಪ್ಪನವರಿಗೆ ಬೆಳಗಿನಿಂದ ಕೇಳಿದ ಒಂದೊಂದು ಮಾತೂ ಸಾಲಾಗಿ ನೆನಪಾಯಿತು. ಇಂಡಿಪೆಂಡೆಂಟಾ. ವಿದ್ಯಾವಂತರು ನಿಲ್ಲಲ್ಲ. ಗುರುತು ಏನು. "ಅಲ್ರೀ, ನಾ ನಿಲ್ತೇನಿ ಅಂದದ್ದು ಪಾರ್ಕಿನ್ಯಾಗ. ಚಾ ಹಿಡಕೊಂಡು, ಕಾಲಿನ ಮ್ಯಾಲ. ಕಾರ್ಪೊರೇಷನ್ನಿಗೆ ನಾ ಯಾಕ ನಿಲ್ಲಲಿ?"

"ನೀವ್ ಹೆಂಗ್ ನಿಲ್ತೀರಿ ಸಾರ್? ಈ ವಾರ್ಡು ಲೇಡೀಸ್ ಸೀಟು" ಅಂದ ಮಧುಕರ್, ಮಗುವಿಗೆ ಹೇಳುವ ಹಾಗೆ.

ಸಂಗನಬಸಪ್ಪನವರು ಮುನಿಕೃಷ್ಣಪ್ಪನನ್ನು ನೋಡಿದರು. "ಮತ್ತ ನೀವು ನಾನ ನಿಲ್ತೇನಿ ಅಂದ್ರಲ್ಲ?"

"ನಾನು ಅಂದ್ರೆ ನಮ್ಮನೆಯವಳು, ಆಂಜನಮ್ಮ. ಚೀಟೀಲಿ ಹೆಸರು ಅವಳ್ದು, ನಿಲ್ಲೋದು ನಾನು. ನೀವ್ ನಿಲ್ತೀನಿ ಅಂದ್ರೂ ಅದೇ ಅಲ್ವಾ? ಅಮ್ಮಾವ್ರು ನಿಲ್ತಾರೆ ಅಂತ."

ಎಲ್ಲರ ತಲೆಯೂ ವೆಂಕಟಮ್ಮನ ಪಕ್ಕ ಕೂತಿದ್ದವಳ ಕಡೆ ತಿರುಗಿತು.

"ಆಕಿಗೆ ಇದೆಲ್ಲಾ ತಿಳಿಯೂದಿಲ್ರಿ" ಅಂದರು ಸಂಗನಬಸಪ್ಪ, ಅವಸರದಲ್ಲಿ.

ಇಡೀ ದಿನದಲ್ಲಿ ಅವರು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ವಿಮಲಾಕ್ಷಿ ನಿಧಾನವಾಗಿ ಸೆರಗು ಸರಿ ಮಾಡಿಕೊಂಡಳು.

"ಏನು ತಿಳಿಯೂದಿಲ್ಲ ನನಗ? ಬೀದಿ ಕೊನೀ ಮೋರಿ ಯಾವಾಗಿಂದ ತೆರಕೊಂಡೈತಿ ನನಗ ಗೊತ್ತು. ನಳದಾಗ ನೀರು ಯಾವ ದಿನ ಬರೂದಿಲ್ಲ, ಯಾರ ಮನಿ ಮುಂದ ಕಸ ಎಷ್ಟು ದಿನದಿಂದ ಬಿದ್ದೈತಿ, ಎಲ್ಲಾ ಗೊತ್ತು. ವರ್ಷಪೂರ್ತಿ ಕಿಡಕ್ಯಾಗ ಕುಂತು ಮತ್ತೇನ್ ಮಾಡೇನಿ?"

"ಲಿಸ್ಟಲ್ಲಿ ಹೆಸ್ರೈತಾ?" ಕೇಳಿದಳು ವೆಂಕಟಮ್ಮ.

"ಐತ್ರಿ. ಬಂದ ಹೊಸತರಾಗ ಇವರ ಬರಿಸ್ಯಾರ."

"ಆಂಜನಮ್ಮ ಎಲ್ಲಿ ಮುನಿಕೃಷ್ಣ? ಅವಳ್ನ ನೀನು ಪೋಸ್ಟರ್‌ನಲ್ಲೂ ಹಾಕಿಲ್ವಲ್ಲೋ" ಅಂದಳು ವೆಂಕಟಮ್ಮ. ಆಮೇಲೆ ಪಕ್ಕದವಳ ಬೆನ್ನಿಗೊಂದು ಗುದ್ದಿದಳು. "ನೀನೇ ನಿಲ್ಲವ್ವ ವಿಮಲಾಕ್ಷಿ. ಯಾರ್ ಬೇಡ ಅಂತಾರೆ ನಾನೂ ನೋಡ್ತೀನಿ."

ಸಂಗನಬಸಪ್ಪನವರು ತಟ್ಟೆ ಹಿಡಿದೇ ಮುಂದೆ ಬಂದರು. "ಹುಚ್ಚಿ, ಬ್ಯಾಡ ಅಂತ ಹೇಳು. ಊರಿಗೆ ಹೋಗೂಣು ಅಂತಿದ್ದಾಕಿ ನೀನು. ಬೇಕಾದ್ರ ನಾಳಿ ಬಾಗಲಕೋಟಿಗೆ ಹೂಂ ಅಂತೇನಿ."

"ಇಡೀ ಮಂದಿ ಮುಂದ ಏನಂದು ಬಂದೀರಿ? ನಿಂತಾಂವ ಹಿಂದ ಸರಿಯಾಂವಲ್ಲ ಅಂದೀರಂತ. ಗಂಡನ ಮಾತು ನಡಸಬೇಕಲ್ರಿ ನಾ." ಅವಳು ಎದ್ದು ನಿಂತಳು. ಸೀರೆಯ ಕೆಂಪು ಸೆರಗು ಧ್ವಜದ ಹಾಗೆ ಅಲ್ಲಾಡಿತು. "ನಿಲ್ಲಾಕಿ ನಾ."

ಚಪ್ಪಾಳೆಗೆ ಕಿಟಕಿ ಗಾಜು ನಡುಗಿತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಮುನಿಕೃಷ್ಣಪ್ಪ ಚಪ್ಪಲಿ ಹುಡುಕತೊಡಗಿದ. ಏನಾದರಾಗಲಿ, ಜಮಖಾನೆ ತುಂಬಿದೆ, ಜನ ಮನೆಗೆ ಬಂದಿದ್ದಾರೆ, ಮೊದಲು ಚಹಾ ಕೊಡೋಣ ಅಂತ ಸಂಗನಬಸಪ್ಪನವರು ತಟ್ಟೆಯನ್ನು ಮಧುಕರನ ಮುಂದೆ ಚಾಚಿದರು. ಮಧುಕರನ ಕೈ ಕಪ್ಪಿನವರೆಗೆ ಹೋಗಿ ಹಾಗೇ ಹಿಂದೆ ಬಂತು. ಅವನು ಕುತ್ತಿಗೆಯ ವಿಷಲ್ಲು ಹಿಡಿದುಕೊಂಡ.

"ಸಾರ್, ಬೇಡ. ಬೆಳಿಗ್ಗೆ ಪೊಲೀಸ್ ಹೇಳ್ಲಿಲ್ವಾ, ಮನೇಲಿ ಕೊಟ್ರೂ ಅಷ್ಟೇ ಅಂತ. ಇನ್ನೂ ನಾಮಿನೇಷನ್ ಆಗಿಲ್ಲ, ನಿಜ. ಆದ್ರೆ ಮುನಿಕೃಷ್ಣಪ್ಪನವರು ಇಲ್ಲೇ ಕಣ್ಣು ಬಿಟ್ಕೊಂಡ್ ಕೂತಿದಾರೆ. ಕ್ಯಾಂಡಿಡೇಟ್ ಮನೆ ಟೀ ಅಂದ್ರೆ ಆಮಿಷ ಅಂತ ನಾಳೆನೇ ಅರ್ಜಿ ಹಾಕ್ತಾರೆ. ವಿಮಲಾಕ್ಷಿ ಮೇಡಂಗೆ ತೊಂದ್ರೆ."

"ಒಂದ ಕಪ್ರಿ. ಶುಂಠಿ ಹಾಕೇನಿ."

ವಿಮಲಾಕ್ಷಿ ಬಂದು ಗಂಡನ ಕೈಯಿಂದ ತಟ್ಟೆ ತೆಗೆದುಕೊಂಡಳು. ಬೆಳಗಿನಿಂದ ವಿಷಲ್ಲಿನವನಾಗಲಿ, ಸುಮೋದವನಾಗಲಿ, ಪೊಲೀಸರಾಗಲಿ ಮಾಡಲಾಗದ ಕೆಲಸವನ್ನು ಅವಳು ಬಹಳ ಮೆತ್ತಗೆ ಮಾಡಿದಳು.

"ನಾ ನಿಲ್ತೇನಿ" ಅಂದಳು. "ನೀವು ನಿಲ್ಲಸ್ರಿ."

"ಟೀ ಕುಡಿಯೋಕೆ ನಮ್ಮನೆಗ್ ಬನ್ನಿ ಎಲ್ರೂ" ಅಂತ ವೆಂಕಟಮ್ಮ ಎದ್ದಳು. "ಕ್ಯಾಂಡಿಡೇಟ್ ಕೊಡಂಗಿಲ್ಲ ತಾನೆ, ಕುಡೀಬೋದಲ್ಲ?" ವಿಮಲಾಕ್ಷಿಯನ್ನು ಮುಂದೆ ಮಾಡಿಕೊಂಡು ಇಡೀ ಜಮಖಾನೆ ಎದ್ದು ಹೊರಟಿತು. ಸಂಗನಬಸಪ್ಪನವರೂ ಚಪ್ಪಲಿ ಮೆಟ್ಟಲು ಹೋದರೆ, ಹೆಂಡತಿ ತಿರುಗಿ, "ಬಾಗ್ಲಾ ತೆರದೈತಿ, ಮನಿ ನೋಡಕೋರಿ" ಅಂದಳು. ಹೊರಗೆ ಕತ್ತಲಲ್ಲಿ ಯಾರೋ ಕೇಳುವುದು ಕಿವಿಗೆ ಬಿತ್ತು.

"ತಟ್ಟೆ ಹಿಡ್ಕೊಂಡಿದ್ರಲ್ಲ, ಅವ್ರ್ ಯಾರು?"

"ವಿಮಲಾಕ್ಷಿ ಅಕ್ಕನ ಯಜಮಾನ್ರು. ಹುಬ್ಬಳ್ಳಿಯೋರು."

ಡ್ರಮ್ಮು ವಾಪಸು ಒಯ್ಯಲು ಅಮೀರ್ ಬಂದಾಗ, ಸಂಗನಬಸಪ್ಪನವರು ಅಷ್ಟಗಲ ಜಮಖಾನೆಯ ನಡುವೆ ಒಬ್ಬರೇ, ಆರುತ್ತಿದ್ದ ಕಪ್ಪುಗಳ ಎದುರು ಕೂತಿದ್ದರು. ಅವನನ್ನು ಕಂಡದ್ದೇ ಅವರ ಮುಖದಲ್ಲಿ ಜೀವ ಬಂತು. ಅಮೀರ್ ಶಿವಾಜಿನಗರದವನು. ಈ ವಾರ್ಡಿನಲ್ಲಿ ಅವನಿಗೆ ವೋಟಿಲ್ಲ. ಅವನಿಗೆ ಕೊಟ್ಟರೆ ಯಾವ ಕಾನೂನೂ ಕೇಳುವಂತಿಲ್ಲ.

"ಅಮೀರ್, ಬಾರಪಾ. ಚಾ ಆತೇನು?"

ಅಮೀರ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ಸಾಬ್, ಬೆಳಿಗ್ಗೆಯಿಂದ ನಿಮ್ ಚಾಯ್ ಕುಡಿದೂ ಕುಡಿದೂ ಆಸಿಡ್ ಆಗೋಗಿದೆ. ಆಯ್ತು, ಆಯ್ತು." ಹೇಳುತ್ತಲೇ ಡ್ರಮ್ಮು ಎತ್ತಿಕೊಂಡು, ಹೆಜ್ಜೆ ಜೋರು ಮಾಡಿದ.

ಈಗ ನೀವೇ ಹೇಳಿ. ಬೆಳಗಾದರೆ ಆಫೀಸಿನಲ್ಲಿ ಸಾಹೇಬರು ಕೇಳುತ್ತಾರೆ, ಬಾಗಲಕೋಟೆಗೆ ಹೋಗ್ತೀರೋ ಇಲ್ಲೇ ಇರ್ತೀರೋ ಅಂತ. ಸಂಗನಬಸಪ್ಪನವರ ಜಾಗದಲ್ಲಿ ನೀವಾಗಿದ್ದರೆ ಏನು ಮಾಡ್ತಿದ್ದಿರಿ? ನಿಲ್ತಿದ್ದಿರೋ, ನಿಲ್ಲಿಸ್ತಿದ್ದಿರೋ?